ಹಟ್ಟಿಯ ಮದ್ದು, ವಿಶ್ವವಿದ್ಯಾಲಯದ ಸಾಲ



ಊಟವಾದ ಮೇಲಿನ ಉಪನ್ಯಾಸದ ಗತಿ ಏನಾಗುತ್ತದೆಂದು ಬಲ್ಲವನಾದ್ದರಿಂದ ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಚಿತ್ರದುರ್ಗ ಜಿಲ್ಲೆಯ ಗೊಲ್ಲರಹಟ್ಟಿಗಳಿಗೆ, ಮ್ಯಾಸನಾಯಕರ ಹಟ್ಟಿಗಳಿಗೆ, ಲಂಬಾಣಿ ತಾಂಡಾಗಳಿಗೆ ವಿಶ್ವವಿದ್ಯಾಲಯದವರು ಗಿಡಮೂಲಿಕೆಯ ವಿಷಯ ಕೇಳಿಕೊಂಡು ಬರುತ್ತಿರುವುದು ಇಂದು ನಿನ್ನೆಯಿಂದಲ್ಲ. ಬಂದವರು ಬರೆದುಕೊಂಡರು, ಎಂ.ಫಿಲ್. ಆಯಿತು, ಪಿಎಚ್.ಡಿ. ಆಯಿತು, ಬಡ್ತಿಯೂ ಆಯಿತು. ಹೇಳಿದವರ ಮೊಮ್ಮಗಳು ಏಳನೇ ಕ್ಲಾಸಿಗೆ ಶಾಲೆ ಬಿಟ್ಟಳು. ಈ ಎರಡು ಸಂಗತಿಗಳನ್ನು ಬೇರೆ ಬೇರೆ ಇಲಾಖೆಗಳ ಕಡತದಲ್ಲಿ ಇಟ್ಟು ನೋಡುವುದು ನಮಗೆ ರೂಢಿಯಾಗಿದೆ. ಇವೆರಡೂ ಒಂದೇ ಲೆಕ್ಕದ ಎರಡು ಕಡೆಗಳು, ಸಾಲ ತೀರಬೇಕಾದ ಜಾಗ ಹಟ್ಟಿಯ ಶಾಲೆ ಎಂಬುದು ನನ್ನ ವಾದ.

ಮೊದಲು ಗಿಡಗಳ ಮಾತು. ಮಳೆ ಕಡಿಮೆ, ಬಂಡೆ ಜಾಸ್ತಿ ಎಂದು ನಾವೇ ನಮ್ಮ ಸೀಮೆಯನ್ನು ಹೀಗಳೆಯುತ್ತೇವೆ. ಹೊರಗಿನವರಿಗೆ ಮದ್ದಿನ ಕಾಡು ಎಂದರೆ ಆಗುಂಬೆ, ಬಿಳಿಗಿರಿರಂಗನ ಬೆಟ್ಟ. ಆದರೆ ನಮ್ಮ ಜೋಗಿಮಟ್ಟಿಯ ಇಳಿಜಾರಿನಲ್ಲಿ, ಮಾರಿಕಣಿವೆಯ ಸುತ್ತಿನ ಕುರುಚಲಿನಲ್ಲಿ ಸುಮ್ಮನೆ ನಡೆದರೂ ಮಧುನಾಶಿನಿ, ಮಂಗರವಳ್ಳಿ, ಸೊಗದೆ ಬೇರು, ಅಮೃತಬಳ್ಳಿ, ತಂಗಡಿ, ಲಕ್ಕಿ, ಉತ್ತರಾಣಿ ಕಾಲಿಗೆ ತೊಡರುತ್ತವೆ. ಮುರಿದ ಮೂಳೆಗೆ ಮಂಗರವಳ್ಳಿ, ಕಾಮಾಲೆಗೆ ನೆಲನೆಲ್ಲಿ, ಬಾಣಂತಿಯ ಸ್ನಾನಕ್ಕೆ ಲಕ್ಕಿ ಸೊಪ್ಪು. ಇದನ್ನೆಲ್ಲ ಬಲ್ಲವರು ಕುರಿ ಹಿಂದೆ ಹೋದವರು, ಸೂಲಗಿತ್ತಿಯರು, ಅಮಾವಾಸ್ಯೆ ನೋಡಿ ಬೇರು ಅಗೆಯುವ ನಾಟಿ ವೈದ್ಯರು.

ಇವರ ಬಳಿಗೆ ವಿಶ್ವವಿದ್ಯಾಲಯಗಳು ಬಂದದ್ದು ಒಳ್ಳೆಯದೇ ಆಯಿತು, ಅದರಲ್ಲಿ ಎರಡು ಮಾತಿಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗದವರು ಚಿತ್ರದುರ್ಗ ಜಿಲ್ಲೆಯ ಬುಡಕಟ್ಟುಗಳು ಹಾವು ಕಡಿತಕ್ಕೆ ಬಳಸುವ ಗಿಡಗಳ ಬಗ್ಗೆ 2010ರಲ್ಲಿ ಲೇಖನ ಪ್ರಕಟಿಸಿದರು. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದವರು ಪಕ್ಕದ ಶಿವಮೊಗ್ಗ, ದಾವಣಗೆರೆ ಜಿಲ್ಲೆಗಳಲ್ಲಿ ಇಂಥದೇ ಕೆಲಸ ಮಾಡಿದ್ದಾರೆ. 2009ರಲ್ಲಿ ದಾವಣಗೆರೆ ವಿಶ್ವವಿದ್ಯಾಲಯ ಆಗುವವರೆಗೆ ನಮ್ಮ ಕಾಲೇಜುಗಳೂ ಶಂಕರಘಟ್ಟದ ಕೆಳಗೇ ಇದ್ದವು. ಈಗ ನಮ್ಮದೇ ಊರ ಪಕ್ಕ, ಗುಡ್ಡದರಂಗವ್ವನಹಳ್ಳಿಯ ಜ್ಞಾನಗಂಗೋತ್ರಿಯಲ್ಲಿ, ಸ್ನಾತಕೋತ್ತರ ಕೇಂದ್ರವಿದೆ. ಬೆಂಗಳೂರಿನ ಯಲಹಂಕದಲ್ಲಿ 1993ರಿಂದ ಸ್ಥಳೀಯ ಆರೋಗ್ಯ ಪರಂಪರೆಗಳಿಗೆಂದೇ ದುಡಿಯುತ್ತಿರುವ ಎಫ್‌ಆರ್‌ಎಲ್‌ಎಚ್‌ಟಿ ಪ್ರತಿಷ್ಠಾನ ಈಗ ಸ್ವತಃ ಒಂದು ವಿಶ್ವವಿದ್ಯಾಲಯವಾಗಿ ಬೆಳೆದಿದೆ. ಆಸಕ್ತಿ ಇಲ್ಲ ಎಂದು ಯಾರನ್ನೂ ದೂರುವಂತಿಲ್ಲ.

ನನ್ನ ತಕರಾರು ಆ ಲೇಖನಗಳ ಅಚ್ಚಿನ ಬಗ್ಗೆ. ಈ ಬಗೆಯ ಹತ್ತು ಲೇಖನ ಓದಿದವರು ಹನ್ನೊಂದನೆಯದರಲ್ಲಿ ಏನಿದೆ ಎಂದು ಓದದೆಯೇ ಹೇಳಬಹುದು. ಮೊದಲು ಜಿಲ್ಲೆಯ ಅಕ್ಷಾಂಶ, ರೇಖಾಂಶ. ಆಮೇಲೆ ಉದ್ದನೆಯ ಕೋಷ್ಟಕ: ಲ್ಯಾಟಿನ್ ಹೆಸರು, ಕುಟುಂಬ, ಸ್ಥಳೀಯ ಹೆಸರು (ಕಾಗುಣಿತ ತಪ್ಪಾಗಿ), ಬೇರೋ ತೊಗಟೆಯೋ, ಯಾವ ಕಾಯಿಲೆಗೆ. ಕೊನೆಗೆ, ಈ ಜ್ಞಾನ ನಶಿಸುತ್ತಿದೆ, ಕೂಡಲೇ ದಾಖಲಿಸಬೇಕು ಎಂಬ ಒಂದು ವಾಕ್ಯ. ಎಲ್ಲವೂ ಇಂಗ್ಲಿಷಿನಲ್ಲಿ. ಹೇಳಿದವರಿಗೆ ಓದಲಾಗದು, ಅವರ ಊರಿನ ಮೇಷ್ಟ್ರ ಕೈಗೂ ಅದು ಸಿಗದು. ಮದ್ದಿನ ಗುಟ್ಟು ಬಿಟ್ಟುಕೊಟ್ಟರೆ ಮದ್ದು ಹತ್ತುವುದಿಲ್ಲ ಎಂದು ನಂಬುವ ಮನೆತನಗಳು ನಮ್ಮಲ್ಲಿವೆ. ಆ ನಂಬಿಕೆಯನ್ನೂ ಮೀರಿ, ಬಂದ ಹುಡುಗ ಓದುವ ಹುಡುಗ ಎಂಬ ಅಕ್ಕರೆಗೆ ಹೇಳಿದವರಿದ್ದಾರೆ. ಅವರಿಗೆ ಸಿಕ್ಕಿದ್ದು ಲೇಖನದ ಕೊನೆಯಲ್ಲಿ ಹೆಸರಿಲ್ಲದ ಒಂದು ಸಾಲಿನ ಕೃತಜ್ಞತೆ.

ಇನ್ನೊಂದು ವಿಚಿತ್ರವನ್ನು ಗಮನಿಸಿ. ಸಂಶೋಧನೆಯ ಪುಸ್ತಕಗಳಲ್ಲಿ ಕಾಡುಗೊಲ್ಲರು ಬಹಳ ಹಿಂದಿನಿಂದಲೂ ಬುಡಕಟ್ಟು. ತಮ್ಮನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಎಂದು ಅವರು ಸರ್ಕಾರವನ್ನು ವರ್ಷಗಟ್ಟಲೆ ಕೇಳುತ್ತಲೇ ಬಂದಿದ್ದಾರೆ. ಪಿಎಚ್.ಡಿ.ಗೆ ಬುಡಕಟ್ಟು, ವಿದ್ಯಾರ್ಥಿವೇತನಕ್ಕೆ ಅಲ್ಲ. ಇದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕೆಂದು ಹಟ್ಟಿಯ ಹುಡುಗರು ಕೇಳಿದರೆ ನಮ್ಮಲ್ಲಿ ಉತ್ತರವಿಲ್ಲ.

ಈಗ ಶಾಲೆಯ ಕಡೆ ಬರೋಣ. ಡಾ. ಡಿ.ಎಂ. ನಂಜುಂಡಪ್ಪನವರ ಸಮಿತಿ 2002ರಲ್ಲಿ ಕೊಟ್ಟ ವರದಿಯಲ್ಲಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವೆಂದು, ಅವುಗಳಲ್ಲಿ 39ನ್ನು ಅತ್ಯಂತ ಹಿಂದುಳಿದವೆಂದು ಗುರುತಿಸಿತ್ತು. ಹೊಸದುರ್ಗ ಆ 39ರಲ್ಲಿ ಒಂದು. 2011ರ ಜನಗಣತಿಯಲ್ಲಿ ಜಿಲ್ಲೆಯ ಸಾಕ್ಷರತೆ ರಾಜ್ಯದ ಸರಾಸರಿಗಿಂತ ತುಸುವೇ ಕೆಳಗಿತ್ತು. ತುಸುವೇ ಎಂದು ನಾವು ಸಮಾಧಾನಪಟ್ಟುಕೊಂಡೆವು. ಸರಾಸರಿಯ ಗುಣವೇ ಅದು. ದುರ್ಗದ ಪೇಟೆಯ ಕಾನ್ವೆಂಟನ್ನೂ ಹಿರಿಯೂರು ತಾಲ್ಲೂಕಿನ ಗೊಲ್ಲರಹಟ್ಟಿಯ ಐದನೇ ತರಗತಿವರೆಗಿನ ಶಾಲೆಯನ್ನೂ ಕೂಡಿಸಿ ಭಾಗಿಸಿದರೆ ಯಾರೂ ಅಷ್ಟೇನೂ ಹಿಂದುಳಿದಂತೆ ಕಾಣುವುದಿಲ್ಲ. 2023ರ ಎಸ್‌ಎಸ್‌ಎಲ್‌ಸಿಯಲ್ಲಿ ಶೇಕಡಾ 96.8ರ ಫಲಿತಾಂಶದೊಂದಿಗೆ ನಾವು ಇಡೀ ರಾಜ್ಯಕ್ಕೇ ಮೊದಲ ಸ್ಥಾನದಲ್ಲಿದ್ದೆವು, ನೆನಪಿದೆಯಲ್ಲ? ಮರುವರ್ಷ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂತು. ಆ ಸ್ಥಾನ ಎಲ್ಲಿಗೆ ಹೋಯಿತೆಂದು ಇಲ್ಲಿ ಕುಳಿತಿರುವ ಮೇಷ್ಟ್ರುಗಳಿಗೆ ನಾನು ಹೇಳಬೇಕಾಗಿಲ್ಲ.

ಹಟ್ಟಿಯ ಮಗುವಿನ ಸ್ಥಿತಿಯಲ್ಲಿ ಒಂದು ತೊಡಕಿದೆ. ಅದರ ಬಗ್ಗೆ ನಾವು ಸಾಕಷ್ಟು ಯೋಚಿಸಿಲ್ಲ ಎಂದು ನನಗನ್ನಿಸುತ್ತದೆ. ಕುರಿಯ ಹಿಂದೆ ಹೋದ ಹುಡುಗ ಗಿಡ ಕಲಿಯುತ್ತಾನೆ. ಯಾವ ಸೊಪ್ಪು ತಿಂದರೆ ಕುರಿಗೆ ಹೊಟ್ಟೆ ಉಬ್ಬುತ್ತದೆ, ಅದಕ್ಕೆ ಯಾವುದನ್ನು ಅರೆದು ಕುಡಿಸಬೇಕು, ಮಾಕಳಿ ಬೇರು ಯಾವ ಬಂಡೆಯ ಸಂದಿನಲ್ಲಿ ಸಿಗುತ್ತದೆ ಎಂಬುದೆಲ್ಲ ಅವನಿಗೆ ಹನ್ನೆರಡು ವರ್ಷಕ್ಕೇ ಗೊತ್ತು. ಅವನ ಹಾಜರಿ ಪುಸ್ತಕದಲ್ಲಿ ಮಾತ್ರ ಗೈರುಹಾಜರಿಯದೇ ಸಾಲು. ಅವನ ಅಣ್ಣ ಹಾಸ್ಟೆಲ್ ಸೇರಿ ದಿನವೂ ಶಾಲೆಗೆ ಹೋದ. ದ್ಯುತಿಸಂಶ್ಲೇಷಣೆಯ ಸಮೀಕರಣ ಬಾಯಿಪಾಠವಾಯಿತು, ಮನೆಯ ಬೇಲಿಯ ಬಳ್ಳಿಯ ಹೆಸರು ಮರೆಯಿತು. ಒಂದು ವಿದ್ಯೆಗೆ ಇನ್ನೊಂದನ್ನು ಬೆಲೆಯಾಗಿ ಕೊಡಬೇಕಾದ ಸ್ಥಿತಿ ಬಡವರ ಮನೆಯಲ್ಲಿ ಮಾತ್ರ ಇದೆ. ಪೇಟೆಯ ಮಗು ಶಾಲೆಗೆ ಹೋದರೆ ಮನೆಯ ವಿದ್ಯೆ ಕಳೆದುಕೊಳ್ಳುವುದಿಲ್ಲ. ಶಾಲೆಯಲ್ಲಿ ಇರುವುದೇ ಅದರ ಮನೆಯ ವಿದ್ಯೆ. ಆಮೇಲೆ ನಾವು ಬಂದು, ಈ ಜ್ಞಾನ ನಶಿಸುತ್ತಿದೆ ಎಂದು ಲೇಖನದ ಕೊನೆಯ ಸಾಲು ಬರೆಯುತ್ತೇವೆ!

ಹೆಣ್ಣುಮಕ್ಕಳದು ಇನ್ನೂ ಬಿಗಿಯಾದ ಗಂಟು. ಮುಟ್ಟಾದವರು, ಬಾಣಂತಿಯರು ಹಟ್ಟಿಯ ಹೊರಗೆ ಇರಬೇಕೆಂಬ ಪದ್ಧತಿ ಎಷ್ಟೋ ಗೊಲ್ಲರಹಟ್ಟಿಗಳಲ್ಲಿ ಇಂದಿಗೂ ಪೂರ್ತಿ ಹೋಗಿಲ್ಲ. ಸರ್ಕಾರ ಅವರಿಗಾಗಿ ಕೃಷ್ಣ ಕುಟೀರಗಳನ್ನು ಕಟ್ಟಿಸಿತು. ಗುಡಿಸಲಿಗಿಂತ ಕಟ್ಟಡ ಮೇಲು, ಒಪ್ಪುತ್ತೇನೆ. ಆದರೆ ಕುಟೀರ ಕಟ್ಟಿ ಪದ್ಧತಿಗೆ ಸಿಮೆಂಟು ಹಾಕಿದಂತಾಯಿತೇ ಎಂಬ ಅನುಮಾನವೂ ನನಗಿದೆ. ಬಾಣಂತಿಗೆ ಏನು ಕೊಡಬೇಕು, ಹಸುಗೂಸಿನ ಹೊಟ್ಟೆನೋವಿಗೆ ಏನು ತೇಯಬೇಕು ಎಂಬ ತಿಳಿವಳಿಕೆ ಬಹುಪಾಲು ಈ ಹೆಂಗಸರದೇ. ಮೂಲಿಕೆಯ ಸಮೀಕ್ಷೆಗೆ ಬಂದ ಗಂಡಸು ಹಟ್ಟಿಯ ಗೌಡನ ಜಗುಲಿಯಲ್ಲಿ ಕುಳಿತು ಗಂಡಸರನ್ನು ಕೇಳಿಕೊಂಡು ಹೋದರೆ ಅರ್ಧ ಕಾಡು ಬಿಟ್ಟುಹೋದ ಹಾಗೆ. ಹಟ್ಟಿಯ ಹೆಣ್ಣುಮಗಳೇ ಓದಿ ಸಂಶೋಧಕಿಯಾಗಿ ಬಂದಿದ್ದರೆ ಆ ಕೋಷ್ಟಕವೇ ಬೇರೆಯಾಗುತ್ತಿತ್ತು. ಶಿಕ್ಷಣದ ಅಸಮಾನತೆ ಹಟ್ಟಿಗೆ ಮಾತ್ರ ನಷ್ಟವಲ್ಲ, ಸಸ್ಯಶಾಸ್ತ್ರಕ್ಕೂ ನಷ್ಟ.

ಇಷ್ಟು ಹೊತ್ತು ಹೇಳಿದ್ದನ್ನು ಕೇಳಿ, ಈತ ಹಳೆಯದನ್ನೆಲ್ಲ ಹೊಗಳುವ ಗಿರಾಕಿ ಎಂದು ಯಾರಾದರೂ ತಿಳಿದರೆ ಅದು ಸರಿಯಲ್ಲ. ಈಶ್ವರಿ ಬಳ್ಳಿಯ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಹಾವು ಕಡಿತಕ್ಕೆ ನಮ್ಮ ಕಡೆ ಮೊದಲು ಬಾಯಿಗೆ ಬರುವ ಹೆಸರು ಅದೇ. ಅದರ ಬೇರಿನ ವಾಸನೆಗೆ ಹಾವು ಹತ್ತಿರ ಸುಳಿಯುವುದಿಲ್ಲವೆಂದು ಮನೆಯ ಸುತ್ತ ಹಬ್ಬಿಸುವವರೂ ಇದ್ದಾರೆ. ಅದರ ಕುಲ ಅರಿಸ್ಟೊಲೋಕಿಯಾ. ಈ ಕುಲದ ಗಿಡಗಳಲ್ಲಿ ಅರಿಸ್ಟೊಲೋಕಿಕ್ ಆಮ್ಲ ಇರುತ್ತದೆ. 1990ರ ದಶಕದ ಮೊದಲಲ್ಲಿ ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ ತೂಕ ಇಳಿಸಲು ಚೀನೀ ಮೂಲಿಕೆ ತಿಂದ ಹೆಂಗಸರಿಗೆ ಒಬ್ಬರ ಹಿಂದೆ ಒಬ್ಬರಂತೆ ಮೂತ್ರಪಿಂಡ ಕೆಟ್ಟಿತು. ಹುಡುಕಿದರೆ, ಆ ಪುಡಿಯಲ್ಲಿ ಇದೇ ಕುಲದ ಗಿಡ ಸೇರಿತ್ತು. ಮುಂದೆ ಅವರಲ್ಲಿ ಕೆಲವರಿಗೆ ಮೂತ್ರನಾಳದ ಕ್ಯಾನ್ಸರೂ ಬಂತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಈ ಆಮ್ಲವನ್ನು ತಂಬಾಕಿನ ಜೊತೆಗೇ ಮೊದಲ ಗುಂಪಿನಲ್ಲಿ, ಅಂದರೆ ಮನುಷ್ಯರಿಗೆ ಕ್ಯಾನ್ಸರ್ ತರುವುದು ಖಚಿತವಾದವುಗಳ ಪಟ್ಟಿಯಲ್ಲಿ, ಇಟ್ಟಿದೆ.

ಹಾವಿನ ವಿಷಕ್ಕಾದರೂ ಅದು ಕೆಲಸ ಮಾಡುತ್ತದೆಯೇ? ಕಚ್ಚುವ ಹಾವುಗಳಲ್ಲಿ ಬಹಳಷ್ಟು ವಿಷವಿಲ್ಲದವು. ವಿಷದ ಹಾವೂ ಪ್ರತಿ ಸಲ ವಿಷ ಇಳಿಸುವುದಿಲ್ಲ. ಹಾಗಾಗಿ ಯಾವ ಬೇರು ಕೊಟ್ಟರೂ ಹೆಚ್ಚಿನವರು ಬದುಕುತ್ತಾರೆ, ಬೇರಿಗೆ ಹೆಸರು ಬರುತ್ತದೆ. ನಾಗರ, ಕೊಳಕುಮಂಡಲ, ಕಟ್ಟುಹಾವು, ಗರಗಸ ಮಂಡಲ ಈ ನಾಲ್ಕರಲ್ಲಿ ಒಂದು ನಿಜವಾಗಿ ವಿಷವಿಟ್ಟರೆ ಉಳಿಸುವುದು ಆಸ್ಪತ್ರೆಯ ಇಂಜೆಕ್ಷನ್ ಮಾತ್ರ. 2000ದಿಂದ 2019ರವರೆಗಿನ ಅಂದಾಜಿನ ಪ್ರಕಾರ ಭಾರತದಲ್ಲಿ ವರ್ಷಕ್ಕೆ ಸರಾಸರಿ 58 ಸಾವಿರ ಜನ ಹಾವು ಕಡಿದು ಸಾಯುತ್ತಾರೆ, ಹೆಚ್ಚಿನವರು ಹಳ್ಳಿಯವರು. ಕರ್ನಾಟಕ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು.

ಈಗ ನನ್ನ ಪ್ರಶ್ನೆ. ಹಾವಿನ ಮದ್ದುಗಳನ್ನು ಹಟ್ಟಿಗಳಿಂದ ಬರೆದುಕೊಂಡು ಹೋದ ವಿದ್ವತ್ತು ಈಶ್ವರಿ ಬಳ್ಳಿಯ ಈ ಅಪಾಯವನ್ನು ಹಟ್ಟಿಗೆ ವಾಪಸು ತಂದು ಹೇಳಿತೇ? ಕನ್ನಡದಲ್ಲಿ ಒಂದು ಹಾಳೆ, ಶಾಲೆಯ ಗೋಡೆಗೆ ಅಂಟಿಸುವಂಥದು? ಮಧುಮೇಹಕ್ಕೆ ಮಧುನಾಶಿನಿ ತಿನ್ನುವವರು ಜೊತೆಗೆ ಮಾತ್ರೆಯನ್ನೂ ನುಂಗಿದರೆ ಸಕ್ಕರೆ ತೀರಾ ಇಳಿದು ತಲೆಸುತ್ತಿ ಬೀಳಬಹುದು ಎಂದು ಯಾರು ಹೇಳಬೇಕು? ವಿಶ್ವವಿದ್ಯಾಲಯ ಹಟ್ಟಿಗೆ ಕೊಡಬಲ್ಲ ದೊಡ್ಡ ವಸ್ತು ಇದು: ಯಾವ ಮದ್ದು ನಿಜ, ಯಾವುದು ಸುಳ್ಳು, ಯಾವುದು ವಿಷ. ಸರ್ಪಗಂಧಿಯ ವಿಷಯದಲ್ಲಿ ಈ ಕೆಲಸ ಚೆನ್ನಾಗಿ ನಡೆದಿತ್ತು. ಮುಂಬಯಿಯ ರುಸ್ತುಂ ಜಾಲ್ ವಕೀಲರು ರಕ್ತದೊತ್ತಡದ ರೋಗಿಗಳ ಮೇಲೆ ಅದನ್ನು ಪರೀಕ್ಷಿಸಿ 1949ರಲ್ಲಿ ಬ್ರಿಟಿಷ್ ಪತ್ರಿಕೆಯೊಂದರಲ್ಲಿ ಬರೆದ ಮೇಲೆ ಜಗತ್ತೇ ಆ ಬೇರಿನ ಹಿಂದೆ ಬಿತ್ತು. ಎಷ್ಟು ಬಿತ್ತೆಂದರೆ ಕಾಡಿನಲ್ಲಿ ಗಿಡವೇ ಅಪರೂಪವಾಯಿತು.

ಕಾನೂನಿನ ಬಾಗಿಲು ಬಡಿದರೆ ಏನಾದರೂ ಸಿಗುತ್ತದೆಯೇ ಎಂದು ಕೇಳಬಹುದು. ಸ್ವಲ್ಪ ಸಿಗುತ್ತದೆ. 2002ರ ಜೀವವೈವಿಧ್ಯ ಕಾಯ್ದೆ ಲಾಭದ ಪಾಲು ಹಂಚಬೇಕೆಂದು ಹೇಳುತ್ತದೆ. ಆಯುರ್ವೇದ ಔಷಧ ತಯಾರಿಸುವ ದಿವ್ಯ ಫಾರ್ಮಸಿಯೂ ಪಾಲು ಕೊಡಲೇಬೇಕೆಂದು ಉತ್ತರಾಖಂಡ ಹೈಕೋರ್ಟ್ 2018ರ ಡಿಸೆಂಬರಿನಲ್ಲಿ ತೀರ್ಪು ಕೊಟ್ಟಿತು. 2023ರ ತಿದ್ದುಪಡಿ ಆ ನಿಯಮವನ್ನು ಗ್ರಂಥಸ್ಥ ಜ್ಞಾನ ಬಳಸುವವರಿಗಾಗಿ ಸಡಿಲಿಸಿತು. ಅದೇನೇ ಇರಲಿ, ಇದೆಲ್ಲ ವ್ಯಾಪಾರಕ್ಕೆ ಅನ್ವಯ. ಬರೀ ಸಂಶೋಧನೆಗೆಂದು ಬರುವ ನಮ್ಮದೇ ವಿಶ್ವವಿದ್ಯಾಲಯದವರು ಹಟ್ಟಿಗೆ ಏನನ್ನೂ ಕೊಡಬೇಕೆಂದು ಕಾಯ್ದೆ ಕೇಳುವುದಿಲ್ಲ. ಪಂಚಾಯಿತಿಗೊಂದು ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು ಎಂಬ ಒಳ್ಳೆಯ ವಿಚಾರವೂ ಅದೇ ಕಾಯ್ದೆಯ ವ್ಯವಸ್ಥೆಯಲ್ಲಿದೆ. 2020ರ ಜನವರಿಯೊಳಗೆ ಮುಗಿಸದಿದ್ದರೆ ರಾಜ್ಯಗಳಿಗೆ ತಿಂಗಳಿಗೆ 10 ಲಕ್ಷ ದಂಡ ಎಂದು ಹಸಿರು ನ್ಯಾಯಮಂಡಳಿ ಗದರಿಸಿದ ಮೇಲೆ ದೇಶದಾದ್ಯಂತ ದಾಖಲಾತಿಗಳು ಅವಸರದಲ್ಲಿ ತಯಾರಾದವು. ನಿಮ್ಮ ಪಂಚಾಯಿತಿಯದನ್ನು ಒಮ್ಮೆ ಕೇಳಿ ನೋಡಿ.

ನಾಟಿ ವೈದ್ಯರ ಸ್ಥಿತಿ ಇನ್ನೂ ಇಕ್ಕಟ್ಟಿನದು. ಮಾನ್ಯ ಪದವಿ, ನೋಂದಣಿ ಇಲ್ಲದವರು ಪಾರಂಪರಿಕ ವೈದ್ಯರೆಂದು ಚಿಕಿತ್ಸೆ ನಡೆಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ 2018ರ ಏಪ್ರಿಲ್‌ನಲ್ಲಿ ಹೇಳಿತು. ರೋಗಿಯ ಸುರಕ್ಷತೆಯ ದೃಷ್ಟಿಯಿಂದ ಅದನ್ನು ತಪ್ಪೆನ್ನಲಾರೆ. ಹಾಗಾದರೆ ವೈದ್ಯರ ಮಗ ಪದವಿ ಪಡೆಯಲಿ ಎಂದರೆ, ಆಯುರ್ವೇದದ ಬಿ.ಎ.ಎಂ.ಎಸ್.ಗೂ ನೀಟ್ ಬರೆಯಬೇಕು. ಲಕ್ಷಗಟ್ಟಲೆ ಕೋಚಿಂಗ್ ಫೀ ಕಟ್ಟಿದವರ ಜೊತೆ ಹೊಳಲ್ಕೆರೆ ಕಡೆಯ ಸರ್ಕಾರಿ ಕಾಲೇಜಿನಲ್ಲಿ ಕನ್ನಡ ಮಾಧ್ಯಮದಿಂದ ಬಂದ ಹುಡುಗ ಸ್ಪರ್ಧಿಸಬೇಕು. ಅಜ್ಜನ ಮದ್ದು ಕಾಲೇಜಿನ ಸಂಶೋಧನಾ ವಿಷಯವಾಗುತ್ತದೆ, ಮೊಮ್ಮಗ ಆ ಕಾಲೇಜಿನ ಗೇಟು ದಾಟಲಾರ. ಸಮುದಾಯ ವೈದ್ಯರಿಗೆ ಕೌಶಲ ಪರೀಕ್ಷೆ ಮಾಡಿ ಪ್ರಮಾಣಪತ್ರ ಕೊಡುವ ಸ್ವಯಂಪ್ರೇರಿತ ಯೋಜನೆಯೊಂದನ್ನು ಭಾರತೀಯ ಗುಣಮಟ್ಟ ಪರಿಷತ್ತು ಎಫ್‌ಆರ್‌ಎಲ್‌ಎಚ್‌ಟಿಯೊಂದಿಗೆ ರೂಪಿಸಿದೆ. ಮೂಳೆ ಕಟ್ಟುವುದು, ಕಾಮಾಲೆ, ಬಾಣಂತಿ ಆರೈಕೆ ಎಂದು ಬಿಡಿಬಿಡಿಯಾಗಿ ನೋಡುವ ಈ ಕ್ರಮ ನನಗೆ ಹಿಡಿಸಿತು. ಅದರಿಂದ ವೃತ್ತಿಯ ಕಾನೂನು ಹಕ್ಕು ಬರುವುದಿಲ್ಲ, ಮರ್ಯಾದೆ ಬರುತ್ತದೆ.

ಮರ್ಯಾದೆ ಕೊಡಲು ನಮ್ಮ ವಿಶ್ವವಿದ್ಯಾಲಯಗಳಿಗೆ ಬರುವುದೇ ಇಲ್ಲ ಎನ್ನಲಾಗದು. ನೆರೆಯ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರಿಗೆ ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು, 2018ರಲ್ಲಿ ಪದ್ಮಶ್ರೀಯೂ ಬಂತು. ನಮ್ಮದೇ ಜಿಲ್ಲೆಯ ಕಾಡುಗೊಲ್ಲರ ಸಿರಿಯಜ್ಜಿ, ಅಕ್ಷರವಿಲ್ಲದೆಯೇ ಸಾವಿರಾರು ಹಾಡುಗಳನ್ನು ನೆನಪಿನಲ್ಲಿ ಇಟ್ಟುಕೊಂಡಿದ್ದವರು, ಹಂಪಿ ಕನ್ನಡ ವಿಶ್ವವಿದ್ಯಾಲಯದ ನಾಡೋಜರಾದರು. ಆದರೆ ಗೌರವ ಪದವಿ ಒಬ್ಬರಿಗೆ, ಅದೂ ಮುಪ್ಪಿನಲ್ಲಿ. ಹಟ್ಟಿಗೆ ಬೇಕಾದದ್ದು ಹತ್ತು ವರ್ಷದ ಹುಡುಗಿಯರಿಗೆ ಸಿಗುವ ಮರ್ಯಾದೆ.

ಬೇರೆ ಕಡೆ ಹೇಗೆ ಮಾಡಿದ್ದಾರೆ? ಕೇರಳದ ಅಗಸ್ತ್ಯಮಲೆಯ ಕಾಣಿ ಜನರ ಕತೆ ಎಲ್ಲರೂ ಹೇಳುವಂಥದು. 1987ರಲ್ಲಿ ಕಾಣಿ ಯುವಕರು ತೋರಿಸಿದ ಆರೋಗ್ಯಪಚ್ಚೆಯಿಂದ ತಿರುವನಂತಪುರದ ಸಸ್ಯೋದ್ಯಾನದ ವಿಜ್ಞಾನಿಗಳು ಜೀವನಿ ಎಂಬ ಔಷಧ ಮಾಡಿ, ಪರವಾನಗಿ ಶುಲ್ಕ ಮತ್ತು ರಾಯಧನದ ಅರ್ಧವನ್ನು ಆ ಜನರಿಗೆ ಕೊಡಲು ಒಪ್ಪಿದರು. 1997ರಲ್ಲಿ ಟ್ರಸ್ಟ್ ಆಯಿತು, ಜಗತ್ತು ಹೊಗಳಿತು. ಆದರೆ ಗಿಡ ಬೆಳೆಯಲು, ಕೀಳಲು ಅರಣ್ಯ ಇಲಾಖೆಯ ತಕರಾರು ಬಂತು, ಎಲ್ಲ ಕಾಣಿಗಳನ್ನೂ ಕೇಳಲಿಲ್ಲವೆಂಬ ದೂರು ಬಂತು, ಹಣದ ಹರಿವು ನಿಂತಿತು. ರಾಯಧನ ಒಂದು ಔಷಧದ ಅದೃಷ್ಟಕ್ಕೆ ಕಟ್ಟಿದ್ದು. ನಮ್ಮ ಹಟ್ಟಿಯ ಗಿಡಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಮಾರುಕಟ್ಟೆಯ ಔಷಧವಾಗಲಾರವು.

ನನಗೆ ಹೆಚ್ಚು ಹತ್ತಿರ ಎನ್ನಿಸಿದ್ದು ಆಸ್ಟ್ರೇಲಿಯಾದ ಒಂದು ಕೆಲಸ. ಸಿಡ್ನಿಯ ಮ್ಯಾಕ್ವಾರಿ ವಿಶ್ವವಿದ್ಯಾಲಯದ ಜೊಯಾನ್ ಜೇಮೀ ಮತ್ತು ಸುಬ್ರಮಣ್ಯಂ ವೇಮುಲ್ಪಾಡ್ ಅವರು ನ್ಯೂ ಸೌತ್ ವೇಲ್ಸ್‌ನ ಉತ್ತರ ಭಾಗದ ಮೂಲನಿವಾಸಿ ಯೇಗಲ್ ಜನರ ಹಿರಿಯರ ಜೊತೆ ಮದ್ದಿನ ಗಿಡಗಳ ಮೇಲೆ ಕೆಲಸ ಶುರುಮಾಡಿದರು. ಇದರಿಂದ ನಿಮಗೇನು ಆಗಬೇಕು ಎಂಬ ಮಾತು ಬಂದಾಗ ಹಿರಿಯರು ಕೇಳಿದ್ದು ತಮ್ಮ ಮಕ್ಕಳ ಓದನ್ನು. ಮಕ್ಕಳು ಶಾಲೆ ಬಿಡುತ್ತಿದ್ದಾರೆ, ಅವರನ್ನು ಉಳಿಸಿ ಎಂದರು. ಅಲ್ಲಿಂದ ಹುಟ್ಟಿದ್ದು ಮೂಲನಿವಾಸಿ ಮಕ್ಕಳ ವಿಜ್ಞಾನ ಶಿಕ್ಷಣದ ಒಂದು ಕಾರ್ಯಕ್ರಮ. ಅದರ ಜೀವ ಒಂದು ಸಣ್ಣ ಉಪಾಯದಲ್ಲಿದೆ: ಪ್ರಯೋಗಗಳನ್ನು ಮಾಡಿ ತೋರಿಸುವವರು ಪ್ರೊಫೆಸರುಗಳಲ್ಲ, ಆ ಪ್ರೌಢಶಾಲೆಯ ಮೂಲನಿವಾಸಿ ಮಕ್ಕಳೇ. ಕಿರಿಯರಿಗೆ, ಬೇರೆ ಶಾಲೆಯವರಿಗೆ, ತಮ್ಮ ಊರಿನ ದೊಡ್ಡವರಿಗೆ ಅವರೇ ಕಲಿಸುತ್ತಾರೆ. ಹಿಂದಿನ ಬೆಂಚಿನ ಮಗುವಿಗೆ ಮೇಷ್ಟ್ರ ಜಾಗದಲ್ಲಿ ನಿಲ್ಲಲು ಕೊಟ್ಟರೆ ಅದರ ಬೆನ್ನು ನೆಟ್ಟಗಾಗುವುದನ್ನು ನೀವೆಲ್ಲ ನೋಡಿದ್ದೀರಿ.

ಇದು ನಮ್ಮಲ್ಲಿ ಆಗದ್ದೇನೂ ಅಲ್ಲ. ಚಳ್ಳಕೆರೆಯ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ 1500 ಎಕರೆಯ ಆವರಣವಿದೆ. ಅಲ್ಲಿನ ಪ್ರತಿಭಾ ಅಭಿವೃದ್ಧಿ ಕೇಂದ್ರ ವಿಜ್ಞಾನ ಶಿಕ್ಷಕರಿಗೆ ಪ್ರಯೋಗಗಳ ತರಬೇತಿ ಕೊಡುತ್ತದೆ, ಹೋಗಿ ಬಂದ ಮೇಷ್ಟ್ರುಗಳು ಮೆಚ್ಚಿ ಮಾತಾಡುತ್ತಾರೆ. ಆ ನೆಲ ಅಮೃತಮಹಲ್ ಕಾವಲಾಗಿತ್ತು, ಸುತ್ತಲ ಹಳ್ಳಿಗಳ ಕುರಿ ಮೇಯುತ್ತಿದ್ದ, ಮದ್ದಿನ ಬೇರು ಸಿಗುತ್ತಿದ್ದ ಜಾಗ. ವಿಜ್ಞಾನ ಸಂಸ್ಥೆ, ಇಸ್ರೊ, ಡಿಆರ್‌ಡಿಒ, ಭಾಭಾ ಅಣುಶಕ್ತಿ ಕೇಂದ್ರ ಸೇರಿ ಕಾವಲುಗಳಲ್ಲಿ ಸಾವಿರಾರು ಎಕರೆಗೆ ಬೇಲಿ ಬಿತ್ತು, ವ್ಯಾಜ್ಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಬೇಲಿಯ ಹೊರಗಿನ ಶಾಲೆಗಳಿಗೆ ಆ ಸಂಸ್ಥೆಗಳ ಋಣ ಬೇರೆಯವರದಕ್ಕಿಂತ ಹೆಚ್ಚು ಎಂದರೆ ಅತಿಯಾಗದು.

ಹಾಗಾಗಿ ನನ್ನ ಬೇಡಿಕೆ ಇಷ್ಟೇ. ಜ್ಞಾನಗಂಗೋತ್ರಿಯಾಗಲಿ, ಶಂಕರಘಟ್ಟವಾಗಲಿ, ಧಾರವಾಡವಾಗಲಿ, ನಮ್ಮ ಜಿಲ್ಲೆಯ ಹಟ್ಟಿ, ತಾಂಡಾಗಳಿಗೆ ಮೂಲಿಕೆಯ ಸಮೀಕ್ಷೆಗೆ ಬರುವ ಪ್ರತಿ ಸಂಶೋಧಕರೂ ಹತ್ತಿರದ ಪ್ರೌಢಶಾಲೆಯೊಂದನ್ನು ಜೊತೆಗಾರನಾಗಿ ಹಿಡಿಯಬೇಕು. ಆ ಶಾಲೆಯ ಹಟ್ಟಿಯ ಮಕ್ಕಳೇ ಸಮೀಕ್ಷೆಯ ಸಹಾಯಕರು. ಅಜ್ಜಿಯನ್ನು ಕೇಳುವವಳು ಮೊಮ್ಮಗಳು, ಗಿಡ ಒತ್ತಿ ಒಣಗಿಸುವವಳು ಅವಳು, ಲ್ಯಾಟಿನ್ ಹೆಸರು ಕಲಿಯುವವಳೂ ಅವಳೇ. ಅವಳಿಗೆ ಕೂಲಿಯಲ್ಲ, ವಿದ್ಯಾರ್ಥಿವೇತನ. ಪ್ರಬಂಧದ ಕನ್ನಡ ಪ್ರತಿ ಶಾಲೆಯ ಗ್ರಂಥಾಲಯಕ್ಕೆ ಮತ್ತು ಪಂಚಾಯಿತಿಗೆ ಬಂದ ಮೇಲೆಯೇ ಪದವಿ. ಹೇಳಿದವರು ಒಪ್ಪಿದರೆ ಅವರ ಹೆಸರು ಲೇಖಕರ ಸಾಲಿನಲ್ಲಿ. ಅವರು ಬೇಡವೆಂದ ಗುಟ್ಟು ಅಚ್ಚಾಗಬಾರದು.

ದುಡ್ಡು ಎಲ್ಲಿಂದ ಎಂಬ ಪ್ರಶ್ನೆ ಬಂದೇ ಬರುತ್ತದೆ. ಹೊಳಲ್ಕೆರೆ, ಹೊಸದುರ್ಗದ ಗುಡ್ಡಗಳನ್ನು ಕಬ್ಬಿಣ, ಮ್ಯಾಂಗನೀಸಿಗಾಗಿ ಅಗೆದಿದ್ದೇವೆ. ಅಲ್ಲಿನ ಮದ್ದಿನ ಗಿಡಗಳೂ ಲಾರಿಯ ಧೂಳಿನಲ್ಲಿ ಹೋದವು. ಗಣಿಯಿಂದ ತೊಂದರೆಗೊಳಗಾದ ಊರುಗಳಿಗೆಂದು 2015ರ ಗಣಿ ಕಾಯ್ದೆ ತಿದ್ದುಪಡಿಯಿಂದ ಜಿಲ್ಲಾ ಖನಿಜ ಪ್ರತಿಷ್ಠಾನ ಬಂದಿದೆ, ಅದರ ಆದ್ಯತೆಯ ಪಟ್ಟಿಯಲ್ಲಿ ಶಿಕ್ಷಣವೂ ಇದೆ, ಆರೋಗ್ಯವೂ ಇದೆ. ಆ ಹಣದಲ್ಲಿ ಕಾಂಪೌಂಡು, ಸಮುದಾಯ ಭವನ ಸಾಕಷ್ಟು ಕಟ್ಟಿದ್ದಾಯಿತು. ಹಟ್ಟಿಯ ನೂರು ಹುಡುಗಿಯರ ಐದು ವರ್ಷದ ವಿದ್ಯಾರ್ಥಿವೇತನ ಒಂದು ಸಮುದಾಯ ಭವನಕ್ಕಿಂತ ದುಬಾರಿಯಾಗದು ಎಂದು ನನ್ನ ಅಂದಾಜು. ಲೆಕ್ಕ ಬಲ್ಲ ಅಧಿಕಾರಿಗಳು ಇಲ್ಲಿದ್ದೀರಿ, ತಪ್ಪಿದ್ದರೆ ತಿದ್ದಿ. ನನ್ನ ಸಮಯ ಮುಗಿಯಿತು. ಈಶ್ವರಿ ಬಳ್ಳಿಯ ಬಗ್ಗೆ ತಕರಾರು ಇರುವವರು ಮೊದಲು ಕೇಳಲಿ.